ಹಿಂದಿನ ಗಾಜು

ಚೆಂಬೂರಿನ ನನ್ನ ಫ್ಲ್ಯಾಟಿನಲ್ಲಿರುವ ಮೀನಿನ ತೊಟ್ಟಿಯ ಪಾಚಿ ತೆಗೆಯಲು ಅವರು ಪ್ರತಿ ಗುರುವಾರ ಬರುತ್ತಿದ್ದರು. ವಿಜಯಪುರದ ಕಡೆಯ ಹಿರಿಯರು, ಮನೆಮನೆಯ ತೊಟ್ಟಿ ತೊಳೆಯುವುದೇ ಅವರ ಕಸುಬು. ಮೊಣಕೈವರೆಗೆ ಕೈಯನ್ನು ನೀರಿಗಿಳಿಸಿ, ಒಳಗಿನ ಗಿಡಗಳ ಒಂದೆಲೆಯೂ ಅಲುಗದಂತೆ ಮೂರು ಬದಿಯ ಗಾಜು ಉಜ್ಜುತ್ತಿದ್ದರು. ಹಿಂದಿನ ಗಾಜನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಅದು ಮೀನಿನ ಪಾಲರಿ, ಮೇಯ್ಲಿ ಬಿಡ್ರಿ" ಎನ್ನುತ್ತಿದ್ದರು. ಹೊರಡುವಾಗ ಒದ್ದೆ ಕೈಯಲ್ಲೇ ಲೈಟಿನ ಟೈಮರನ್ನು ಆರು ತಾಸಿಗೆ ಇಳಿಸಿ, ಪ್ರತಿ ಸಲವೂ ಅದೇ ಮಾತು: "ಬೆಳಕು ಕಡಿಮಿ ಮಾಡ್ರಿ ಅಕ್ಕಾರ. ಕತ್ತಲಿಗೆ ಅಂಜಬ್ಯಾಡ್ರಿ."

ನನಗೆ ಸಿಟ್ಟು ಬರುತ್ತಿತ್ತು. ಒಬ್ಬಳೇ ಇರುವ ಮನೆ, ರಾತ್ರಿ ತೊಟ್ಟಿಯ ಬೆಳಕು ಆರಿದರೆ ಅಂಜಿಕೆ ಇದ್ದೇ ಇತ್ತು. ಅವರು ಲಿಫ್ಟ್ ಇಳಿಯುವ ಮೊದಲೇ ಟೈಮರನ್ನು ಹನ್ನೆರಡಕ್ಕೆ ತಿರುಗಿಸುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಪಾಚಿ ಗಿಡಗಳನ್ನೆಲ್ಲ ಮುಚ್ಚಿ, ಎರಡು ಮೀನು ಸತ್ತವು. ಅವರು ಗಾಜು ಉಜ್ಜದೆ, ಲೈಟು ಆರಿಸಿ, ಇಡೀ ತೊಟ್ಟಿಗೆ ಕಪ್ಪು ಚಾದರ ಹೊದಿಸಿದರು. "ಬೆಳಕಿಲ್ದ ಪಾಚಿ ಸಾಯ್ತೈತ್ರಿ. ನಾಕ್ ದಿನ ತಗೀಬ್ಯಾಡ್ರಿ. ನಾನ ಬಂದ್ ತಗೀತೀನಿ" ಅಂದರು. ಚಾದರ ತೆಗೆದ ಮೇಲೆ ಬೇಕಾಗುತ್ತದೆಂದು ನಾನು ಅಂದೂ ಟೈಮರನ್ನು ಹನ್ನೆರಡಕ್ಕೇ ತಿರುಗಿಸಿಟ್ಟೆ.

ನಾಲ್ಕನೇ ದಿನ ಅವರು ಬರಲಿಲ್ಲ. ಫೋನ್ ಮಾಡಿದರೆ ಮಗಳು ಎತ್ತಿದಳು. "ಪಪ್ಪಾ ಪರಸೋ ಗುಜರ್ ಗಯೇ ಆಂಟಿ... ಮೊನ್ನೆ ಹೋಗ್ಬಿಟ್ರು."

ಫೋನ್ ಇಟ್ಟು ನಾನೇ ಚಾದರ ಎಳೆದೆ. ನೀರು ತಿಳಿಯಾಗಿತ್ತು. ಮೂರು ಬದಿಯ ಗಾಜು ಈಗಷ್ಟೇ ಉಜ್ಜಿದಂತೆ ಹೊಳೆಯುತ್ತಿತ್ತು. ಹಿಂದಿನ ಗಾಜಿನ ಹಸಿರು ಮಾತ್ರ ಹಾಗೇ ಇತ್ತು.

ಟೈಮರಿನ ಮುಳ್ಳು ಆರರಲ್ಲಿತ್ತು. ಮುಟ್ಟಿ ನೋಡಿದೆ, ಒದ್ದೆಯಾಗಿತ್ತು.