ಬಾಗಿಲಲ್ಲಿ ನಿಂತ ರಾಜಕುಮಾರಿಯನ್ನು ಒಳಗೆ ಕರೆದವರು

ಕಲಬುರಗಿ ಸೀಮೆಯ ಮಕ್ಕಳ ರಂಗಭೂಮಿಯ ಮಾತು ಬಂದಾಗ ತಪ್ಪದೆ ನೆನಪಾಗುವ ಹೆಸರು ಶ್ರೀಮತಿ ಲತೀಫಾ ಬೇಗಂ ಅವರದು. ನಾಟಕವೆಂದರೆ ವಾರ್ಷಿಕೋತ್ಸವದ ಸಂಜೆಗೆ ಹಚ್ಚುವ ಬಣ್ಣವೆಂದೇ ಶಾಲೆಗಳು ತಿಳಿದಿದ್ದ ಕಾಲದಲ್ಲಿ, ಒಂದೇ ಊರಲ್ಲಿದ್ದೂ ಒಬ್ಬರ ಮನೆಯ ಕಥೆ ಇನ್ನೊಬ್ಬರಿಗೆ ಗೊತ್ತಿಲ್ಲದ ಜನರನ್ನು ಎದುರುಬದುರು ಕೂರಿಸುವ ವಿದ್ಯೆ ಅದೆಂದು ತೋರಿಸಿಕೊಟ್ಟವರು ಅವರು. ಕಮಲಾಪುರದ ಹೆಣ್ಣುಮಕ್ಕಳ ಪ್ರೌಢಶಾಲೆಯ ನಾಟಕ ಶಿಕ್ಷಕಿಯ ಹುದ್ದೆಯಿಂದ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮೆಲ್ಲರ ಲತೀಫಾ ಟೀಚರಿಗೆ ಶಿಷ್ಯಬಳಗದ ವಂದನೆಗಳು.

ಟೀಚರ್ ಹುಟ್ಟಿ ಬೆಳೆದದ್ದು ಕಲಬುರಗಿಯ ದರ್ಗಾದ ಸುತ್ತಲಿನ ರೋಜಾ ಬಡಾವಣೆಯಲ್ಲಿ. ಉರುಸಿಗೆ ಬಂದು ಅವರ ಮನೆಯ ಪಡಸಾಲೆಯಲ್ಲಿ ಇಳಿದುಕೊಳ್ಳುತ್ತಿದ್ದ ಯಾತ್ರಿಕರು ಆ ಪುಟ್ಟ ಹುಡುಗಿಗೆ ಕಥೆ ಹೇಳುತ್ತಿದ್ದರು. ಕೆಲವರು ದಖನಿ ಉರ್ದುವಿನಲ್ಲಿ, ಕೆಲವರು ಕನ್ನಡದಲ್ಲಿ. ಭಾಷೆ ಯಾವುದಾದರೇನು, ರಾಕ್ಷಸ ಮಾತ್ರ ಎರಡರಲ್ಲೂ ತಾಳೆಮರದಷ್ಟೇ ಎತ್ತರ.

ಶಿಕ್ಷಕಿಯಾಗಿ ಕಮಲಾಪುರಕ್ಕೆ ಬಂದ ಹೊಸತರಲ್ಲಿ ಅವರು ಆಡಿಸಿದ ನಾಟಕ ಎಲ್ಲರೂ ಒಂದೇ ಎಂದು ಸಾರುವಂಥದ್ದು. ಜನ ಮನಸಾರೆ ಚಪ್ಪಾಳೆ ತಟ್ಟಿದರು. ನಾಟಕ ಮುಗಿದ ಮೇಲೆ ದಖನಿ ಆಡುವ ಓಣಿಯ ಮತ್ತು ಕನ್ನಡ ಆಡುವ ಓಣಿಯ ಹುಡುಗಿಯರು ಎರಡು ಗುಂಪಾಗಿ, ಒಬ್ಬರನ್ನೊಬ್ಬರು ತಿರುಗಿ ನೋಡದೆ, ಮನೆಗೆ ಹೋದರು. ಗೇಟಿನಲ್ಲಿ ನಿಂತು ಅದನ್ನು ಕಂಡ ಟೀಚರಿಗೆ, ತಾವು ಮಕ್ಕಳಿಗೆ ಒಳ್ಳೆಯ ಮಾತು ಆಡುವುದನ್ನು ಕಲಿಸಿದೆವೇ ಹೊರತು ಕೇಳುವುದನ್ನು ಕಲಿಸಲಿಲ್ಲ ಎಂದು ಹೊಳೆಯಿತು.

ಮರುವರ್ಷದಿಂದ ಅವರ ಪದ್ಧತಿಯೇ ಬೇರೆಯಾಯಿತು. ಒಂದು ಕೌದಿ ಹಾಸಿ, ಬೇರೆ ಬೇರೆ ಓಣಿಯ ಇಬ್ಬರನ್ನು ಅದರ ಮೇಲೆ ಕೂರಿಸುವರು. ಒಬ್ಬಳು ತನ್ನ ಮನೆಯ ಮಾತಿನಲ್ಲಿ ಕಥೆ ಹೇಳಬೇಕು. ಇನ್ನೊಬ್ಬಳು, ಅಜ್ಜಿಯ ಮಗ್ಗುಲಲ್ಲಿ ಮಲಗಿದ ಮಕ್ಕಳು ಮಾಡುವಂತೆ, ಮಾತುಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲಬೇಕು. ಕಥೆ ಹೇಳುವುದು ಯಾರಿಗಾದರೂ ಬಂದೀತು, ಹೂಂ ಅನ್ನುವುದೇ ದೊಡ್ಡ ಪಾತ್ರ ಎನ್ನುವುದು ಅವರ ಪಾಠ.

ಆ ಕೌದಿಯೇ ಒಂದು ವರ್ಷ ತೊಡಕಾಯಿತು. ಕಲಬುರಗಿಯಲ್ಲಿ ಜಿಲ್ಲೆಯ ಮಕ್ಕಳ ನಾಟಕ ಸ್ಪರ್ಧೆ ಹತ್ತಿರವಿತ್ತು. ನೆರಳು ಕಳೆದುಕೊಂಡ ರಾಜಕುಮಾರಿಯೊಬ್ಬಳು ಅದನ್ನು ಹುಡುಕುತ್ತ ಮನೆಮನೆಯ ಬಾಗಿಲು ತಟ್ಟುವ ಕಥೆ. ಹೇಳುವವಳು ಬಟ್ಟೆ ಅಂಗಡಿಯ ವಹಾಬ್ ಅವರ ಮಗಳು ಅಫ್ರೀನ್. ಹೂಂಗುಟ್ಟುವವಳು ಕೆಂಪು ಬಾಳೆ ಬೆಳೆಯುವ ಅಣವೀರಪ್ಪನವರ ಮೊಮ್ಮಗಳು ಸೃಷ್ಟಿ. ಇಬ್ಬರೂ ಒಂದೇ ಕೌದಿಯ ಮೇಲೆ ಕೂರುತ್ತಾರೆಂಬ ಸುದ್ದಿ ಓಣಿ ದಾಟಿದ್ದೇ ತಡ, ಅಣವೀರಪ್ಪನವರು ಮೊಮ್ಮಗಳನ್ನು ಬಿಡಿಸಿಕೊಂಡು ಹೋಗಲು ಶಾಲೆಗೇ ಬಂದರು. ಊರಿಗೆ ಹಿರಿಯರು, ಅವರು ಒಬ್ಬಳನ್ನು ಎಬ್ಬಿಸಿದರೆ ಉಳಿದ ಮನೆಯವರೂ ತಮ್ಮ ಮಕ್ಕಳನ್ನು ಎಬ್ಬಿಸುವವರೇ. ಅಲ್ಲಿಗೆ ಟೀಚರ್ ಕಟ್ಟಿದ್ದೆಲ್ಲ ಕಳಚಿಬೀಳುತ್ತಿತ್ತು.

ಟೀಚರ್ ವಾದಕ್ಕಿಳಿಯಲಿಲ್ಲ. “ಕರಕೊಂಡು ಹೋಗ್ರಿ ಅಪ್ಪಾರ, ನಿಮ್ಮ ಕೂಸು. ಆದ್ರ ಕಥಿ ನಡದದ, ನಡುವ ಎಬ್ಬಸಬ್ಯಾಡ್ರಿ. ಒಂದೀಟು ಕುಂದರ್ರಿ,” ಎಂದು ಬಾಗಿಲ ಬಳಿ ಕುರ್ಚಿ ಹಾಕಿಸಿದರು.

ಅಫ್ರೀನ್ ಹೇಳುತ್ತಿದ್ದಳು. ಬಿಸಿಲಲ್ಲಿ ನಡೆದು ದಣಿದ ರಾಜಕುಮಾರಿ ಒಂದು ಮನೆಯ ಕದ ತಟ್ಟಿದಳು. ಬಾಗಿಲ ಬಳಿ ಅಜ್ಜನನ್ನು ಕಂಡು ಹೆದರಿದ ಸೃಷ್ಟಿಯ ಬಾಯಿಂದ ಹೂಂ ಹೊರಡಲಿಲ್ಲ. ಕಥೆ ನಿಂತಿತು. ಆಗ ಬಾಗಿಲ ಕಡೆಯಿಂದ ಗಡಸು ದನಿಯಲ್ಲಿ, ತಡೆಯಲಾಗದೆ ಹೊರಬಿದ್ದಂತೆ, ಒಂದು “ಹೂಂ” ಕೇಳಿಸಿತು.

ಹುಡುಗಿಯರು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕರು. ಅಣವೀರಪ್ಪನವರು ಗದರಿದರು: “ಏನ್ ಹಲ್ಲು ಕಿಸೀತೀರಿ? ಆ ಹುಡುಗಿ ಬಿಸಲಾಗ ಬಾಗಲಕ ನಿಂತಾಳ. ಒಳಗ ಕರೀರಿ ಮೊದಲ.”

ರಾಜಕುಮಾರಿ ಒಳಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನದು ನಾಳೆ ಎಂದರು ಟೀಚರ್. ಮುಂದೇನಾಯಿತೆಂದು ದಾರಿಯುದ್ದಕ್ಕೂ ಅಜ್ಜ ಕೇಳಿದ್ದಕ್ಕೆ ಸೃಷ್ಟಿ, “ಟೀಚರ್ ಹೇಳಬ್ಯಾಡ ಅಂದಾರ, ಮುತ್ಯಾ,” ಎಂದು ಬಾಯಿ ಬಿಗಿದಳಂತೆ. ಮರುದಿನ ಅಣವೀರಪ್ಪನವರು ಯಾರೂ ಕರೆಯದೆಯೇ ಬಂದು ಅದೇ ಕುರ್ಚಿಯಲ್ಲಿ ಕುಳಿತರು. ಬಿಡಿಸಿಕೊಂಡು ಹೋಗುವ ಮಾತು ಮತ್ತೆ ಎತ್ತಲಿಲ್ಲ.

ಆದರೆ ನಿಜವಾದ ಪರೀಕ್ಷೆ ಕಲಬುರಗಿಯ ಜಗತ್ ವೃತ್ತದ ಸಮೀಪದ ರಂಗಮಂದಿರದಲ್ಲಿ ಕಾದಿತ್ತು. ಅಫ್ರೀನ್ ದಖನಿಯಲ್ಲಿ ಬಾಯಿ ತೆರೆದ ಕೂಡಲೇ, ಇದೆಂಥ ನಾಟಕವೆಂಬ ಗೊಣಗಾಟ ಮುಂದಿನ ಸಾಲುಗಳಲ್ಲಿ ಹಬ್ಬಿತು. ದೀಪದ ಬೆಳಕಿಗೆ ಕಂಗಾಲಾದ ಸೃಷ್ಟಿಗೆ ದನಿಯೇ ಹೊರಡಲಿಲ್ಲ. ಬೇರೆ ಯಾವ ಶಾಲೆಯ ಹುಡುಗಿಯಾದರೂ ಕಥೆ ಮುಂದುವರಿಸುತ್ತಿದ್ದಳು; ಲತೀಫಾ ಟೀಚರ ಶಿಷ್ಯೆ ಅಫ್ರೀನ್ ಕಲಿತದ್ದನ್ನೇ ಮಾಡಿದಳು, ನಿಲ್ಲಿಸಿದಳು. ಮಾತು ಮರೆತಿದ್ದಾಳೆಂದು ಸಭೆ ನಗತೊಡಗಿತು. ಪರದೆಯ ಪಕ್ಕದಲ್ಲಿದ್ದ ಟೀಚರ್ ಒಂದು ಹೂಂ ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅದು ತಮ್ಮ ಬಾಯಿಂದ ಬರಬೇಕಾದದ್ದಲ್ಲ ಎಂದು ಸೆರಗು ಹಿಡಿದು ಕಾದರು.

ಹಿಂದಿನ ಸಾಲಿನಲ್ಲಿ ಅಣವೀರಪ್ಪನವರು ಎದ್ದು ನಿಂತರು.

“ಹೂಂ. ಹೇಳವ್ವಾ ಅಫ್ರೀನ್, ನಾ ಕೇಳಾಕತ್ತೀನಿ.”

ಅವರ ಪಕ್ಕದಲ್ಲಿದ್ದ ವಹಾಬ್ ಅವರು ಹೂಂ ಅಂದರು. ವೇದಿಕೆಯ ಮೇಲೆ ಸೃಷ್ಟಿ ಅಂದಳು. ಕಮಲಾಪುರದಿಂದ ಟೆಂಪೊದಲ್ಲಿ ಬಂದವರೆಲ್ಲ ಅಂದರು. ರಾಜಕುಮಾರಿ ಕಡೆಯ ಬಾಗಿಲಿಗೆ ಬರುವ ಹೊತ್ತಿಗೆ ಗೊಣಗಿದವರೂ ಸೇರಿ ಇಡೀ ಸಭೆ ಒಂದೇ ಕೊರಳಲ್ಲಿ ಹೂಂಗುಟ್ಟುತ್ತಿತ್ತು. ಗೋಡೆಗಳೇ ಕಥೆ ಕೇಳುತ್ತಿರುವಂತೆ ಅನ್ನಿಸಿತು. ಮೊದಲ ಬಹುಮಾನ ಕಮಲಾಪುರಕ್ಕೆ ಬಂತು. ಊರು ಮುಟ್ಟಿದ ಮೇಲೆ ಆ ಬಹುಮಾನದ ಢಾಲು ಮೊದಲು ಯಾವ ಓಣಿಗೆ ಹೋಗಬೇಕೆಂದು ಜಗಳವೂ ಆಯಿತು. ತಮ್ಮ ವೃತ್ತಿಯಲ್ಲಿ ತಾವು ಕಂಡ ಅತಿ ಚಂದದ ಜಗಳ ಅದೆಂದು ಟೀಚರ್ ಇಂದಿಗೂ ಹೇಳುತ್ತಾರೆ.

ಇಂದು ಸೃಷ್ಟಿ ಮತ್ತು ಅಫ್ರೀನ್ ಇಬ್ಬರೂ ಬೇರೆ ಬೇರೆ ಶಾಲೆಗಳಲ್ಲಿ ಕೌದಿ ಹಾಸುತ್ತಿದ್ದಾರೆ. ಬೀಳ್ಕೊಡುಗೆಯ ಮಾತೆತ್ತಿದಾಗ ಕಮಲಾಪುರದ ಎರಡೂ ಓಣಿಯವರು ಶಾಲಿಗೂ ಹಾರಕ್ಕೂ ಒಪ್ಪಿದರು, ಬೀಳ್ಕೊಡುವುದಕ್ಕೆ ಮಾತ್ರ ಒಪ್ಪಲಿಲ್ಲ. ಊರಿನ ಹಳೆಯ ಗೋದಾಮೊಂದನ್ನು ಕಸ ತೆಗೆದು, ಸುಣ್ಣ ಬಳಿದು, ಟೀಚರಿಗಾಗಿ ಅಣಿ ಮಾಡಿದ್ದಾರೆ. ಈ ಸಲ ನಾಟಕ ಆಡುವವರು ತಾಯಂದಿರು. ತಾವು ಹೂಂ ಅಂದದ್ದು ಸಾಕು, ಇನ್ನು ತಮಗೂ ನಾಲ್ಕು ಮಾತಿನ ಪಾತ್ರ ಬೇಕೆಂದು ಅಣವೀರಪ್ಪನವರು ಈಗಾಗಲೇ ಅರಿಕೆ ಸಲ್ಲಿಸಿದ್ದಾರೆ.

ಮೆಟ್ಟಿಲು ಹತ್ತುವ ಮೊಣಕಾಲಿಗೆ ಬಲ, ಕಡೆಯ ಸಾಲಿಗೂ ಮುಟ್ಟುವ ಕೊರಳಿಗೆ ಕಸುವು, ಇನ್ನೂ ಹಲವು ಹತ್ತು ಉರುಸುಗಳನ್ನು ಕಾಣುವ ಆಯುಷ್ಯ ನಮ್ಮ ಟೀಚರಿಗೆ ಇರಲಿ. ವಿಶ್ರಾಂತಿಯನ್ನು ಮಾತ್ರ ನಾವು ಹಾರೈಸಲಾರೆವು. ಸೋಮವಾರ ಬೆಳಿಗ್ಗೆ ತಾಲೀಮು ಇದೆ, ತಾಯಂದಿರು ಬರುತ್ತಾರೆ.