ವರ್ಷಕ್ಕೆ ಅರ್ಧ ಬೆರಳು

ನನ್ನ ಎರಡು ಪುಸ್ತಕಗಳ ಕರಡು ತಿದ್ದಿದ ಹೆಂಗಸು ಮೂವತ್ತು ವರ್ಷ ಒಂದೇ ಸೈಕಲ್ಲಿನಲ್ಲಿ ಮುದ್ರಣಾಲಯಕ್ಕೆ ಹೋದಳು. ಕೆಳಕ್ಕೆ ಬಾಗಿದ ಹ್ಯಾಂಡಲ್ಲಿನ, ಕಿರಿದಾದ ಸೀಟಿನ ರೇಸ್ ಸೈಕಲ್ಲು ಅದು. ಅಲ್ಲಿ ಪುಸ್ತಕ ಹೊಲಿಯುವ ಬೈಂಡರನೂ ಅವಳೂ ಒಂದೇ ದಿನ, ಒಂದೇ ಅಳತೆಯ ಸೈಕಲ್ಲು ಕೊಂಡಿದ್ದರು. ಕೊಂಡ ಅಂಗಡಿ ಅವಳ ತಮ್ಮನದು. ವರ್ಷಕ್ಕೊಮ್ಮೆ ಅವಳ ಸೈಕಲ್ಲನ್ನು ಬಿಚ್ಚಿ, ಎಣ್ಣೆ ಹಾಕಿ, ಜೋಡಿಸಿಕೊಡುತ್ತಿದ್ದವನೂ ಅವನೇ.

ಅವಳ ಐವತ್ತೊಂಬತ್ತನೇ ವಯಸ್ಸಿನಲ್ಲಿ ಬೈಂಡರ್ ಹೊಸ ಸೈಕಲ್ ತಂದ. ಎತ್ತರದ ಹ್ಯಾಂಡಲ್, ಅಗಲ ಸೀಟು, ಕಾಲೆತ್ತಿ ದಾಟಬೇಕಿಲ್ಲದ ತಗ್ಗು ಫ್ರೇಮು.

"ಆರಾಮಕುರ್ಚಿಗೆ ಚಕ್ರ ಹಾಕಿಸ್ಕೊಂಡ್ಯಾ?" ಎಂದಳು ಅವಳು.

"ನಗು, ನಗು. ನಿಂಗೆ ಬೆನ್ನು ನೋಯಲ್ವಾ?"

"ಮೂವತ್ತು ವರ್ಷದಿಂದ ಒಂದು ತಿರುಪೂ ಬದಲಿಸಿಲ್ಲ ನಾನು."

ಈ ಮಾತನ್ನು ಅವಳು ನನಗೂ ಹೇಳಿದ್ದಳು. ಕನ್ನಡಕ ದಪ್ಪವಾಗಿತ್ತು, ಮಂಡಿ ಸರಿಯಾಗಿ ಮಡಚುತ್ತಿರಲಿಲ್ಲ. ಸೈಕಲ್ಲಿನ ಮೇಲೆ ಮಾತ್ರ ತಾನು ಮೊದಲಿನವಳೇ ಎಂದು ನಂಬಿದ್ದಳು.

ಬೈಂಡರ್ ತನ್ನ ಹಳೆಯದನ್ನು ಮಾರಲೆಂದು ಮುದ್ರಣಾಲಯದ ಶೆಡ್ಡಿನಲ್ಲೇ ಬಿಟ್ಟಿದ್ದ. ಸಂಜೆ ಅವಳದು ಅದರ ಪಕ್ಕದಲ್ಲಿ ನಿಂತಿತ್ತು. ಒಂದಕ್ಷರ ಆಚೀಚೆಯಾದರೂ ಹಿಡಿಯುವ ಕಣ್ಣು ಅವಳದು. ಅವಳ ಹ್ಯಾಂಡಲ್ ಅವನದಕ್ಕಿಂತ ನಾಲ್ಕು ಬೆರಳು ಎತ್ತರದಲ್ಲಿತ್ತು.

ನೇರ ತಮ್ಮನ ಅಂಗಡಿಗೆ ಹೋದಳು.

"ಯಾವಾಗಿಂದ ಏರಿಸ್ತಾ ಇದೀಯ?"

ತಮ್ಮ ಕೈಯೊರೆಸಿಕೊಂಡ. "ಎಂಟು ವರ್ಷ ಆಯ್ತಕ್ಕ. ಇಳಿಯೋವಾಗ ಸೊಂಟ ಹಿಡ್ಕೋತಿದ್ದೆ ನೀನು. ವರ್ಷಕ್ಕೆ ಅರ್ಧ ಬೆರಳು ಅಷ್ಟೇ. ಹೇಳಿದ್ರೆ ಒಪ್ತಿದ್ಯಾ?"

"ಒಪ್ತಿರಲಿಲ್ಲ."

"ಅದಕ್ಕೇ ಹೇಳ್ಲಿಲ್ಲ."

"ಅದಕ್ಕೇ ಹೇಳ್ಬೇಕಿತ್ತು ಕಣೋ. ಕಂಡಕಂಡೋರ ಹತ್ರ ಜಂಬ ಕೊಚ್ಕೊಂಡೆ. ಪಕ್ಕದಲ್ಲೇ ನಿಂತು ಹೂಂ ಹೂಂ ಅಂತ ತಲೆಯಾಡಿಸ್ತಿದ್ದೆ ನೀನು."

"ನಿನ್ನ ಒಳ್ಳೇದಕ್ಕೆ…"

"ಇಳಿಸು."

ಇಳಿಸಿದ. ಬೆನ್ನುನೋವಿಗೆ ಬೀದಿಯ ತಿರುವಿನವರೆಗೂ ಅವಳಿಂದ ಹೋಗಲಾಗಲಿಲ್ಲ. ಕೆಳಗಿಳಿದು, ಸೈಕಲ್ಲನ್ನು ತಳ್ಳಿಕೊಂಡೇ ಮನೆಗೆ ನಡೆದಳು. ಹಿಂದಿನಿಂದ ತಮ್ಮ ಕೂಗಿದರೂ ತಿರುಗಲಿಲ್ಲ.

ಮುಂದಿನ ವಾರ ಬೇರೆ ಅಂಗಡಿಗೆ ಹೋಗಿ ಬೈಂಡರನದೇ ಮಾದರಿಯ ಸೈಕಲ್ ಕೊಂಡಳು. ಬೈಂಡರ್ ಬಿಡುತ್ತಾನೆಯೇ?

"ಹೇಗಿದೆ ಆರಾಮಕುರ್ಚಿ?"

"ಆರಾಮಾಗಿದೆ" ಎಂದಳು. ನಗಲಿಲ್ಲ.

ತಿಂಗಳಾದ ಮೇಲೆ ತಮ್ಮ ಅವಳ ಮನೆಗೆ ಬಂದ. ಅಂಗಳದಲ್ಲಿದ್ದ ಹೊಸ ಸೈಕಲ್ಲನ್ನು ಸುತ್ತಿ ನೋಡಿದ. ಹ್ಯಾಂಡಲ್ಲಿನ ಕೊಳವೆಯ ಮೇಲೊಂದು, ಸೀಟಿನ ಕೊಳವೆಯ ಮೇಲೊಂದು ಕೆಂಪು ಗೆರೆಯಿತ್ತು, ಕರಡಿನ ಅಂಚಿನಲ್ಲಿ ಅವಳು ಎಳೆಯುವಂಥದ್ದು.

"ಇದೇನಕ್ಕ?"

"ನಾನು ಎಷ್ಟೆತ್ತರಕ್ಕೆ ಒಪ್ಪಿದೀನಿ ಅನ್ನೋ ಗುರುತು."

ಅವನು ಜೇಬಿನಿಂದ ಸ್ಪ್ಯಾನರ್ ತೆಗೆದ. "ಬೆಲ್ಲು ಸಡಿಲ ಆಗಿದೆ. ಬಿಗಿ ಮಾಡ್ಲಾ?"

"ಬೇಡ" ಎಂದು ಅವಳು ಸೈಕಲ್ಲನ್ನು ಒಳಗೆ ತಳ್ಳಿಕೊಂಡು ಹೋದಳು. ಹೊಸ್ತಿಲು ದಾಟುವಾಗ ಬೆಲ್ಲು ಕಟಕಟ ಅಲುಗಾಡಿತು.