ಅಕ್ಕನ ಕಣ್ಣು ಮತ್ತು ವಿದೇಶಾಂಗ ನೀತಿ

ನನ್ನ ಅಕ್ಕನ ಮಗ ನೌಕಾಪಡೆಯಲ್ಲಿ ಕಣ್ಣಿನ ಡಾಕ್ಟರು. ಆ ವರ್ಷ ಅವನನ್ನು ಆಸ್ಪತ್ರೆಯಾಗಿ ಸಜ್ಜುಗೊಳಿಸಿದ ಹಡಗಿನಲ್ಲಿ ದೂರದ ದ್ವೀಪದೇಶಕ್ಕೆ ಕಳಿಸಿದರು. ಅಲ್ಲಿನ ಬಡವರ ಕಣ್ಣಿನ ಪೊರೆ ತೆಗೆಯುವುದು, ಆ ಮೂಲಕ ಎರಡು ದೇಶಗಳ ಸ್ನೇಹವನ್ನು ಗಟ್ಟಿ ಮಾಡುವುದು ಸರಕಾರದ ಘನ ಉದ್ದೇಶ. ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಅಕ್ಕ ಅದರ ಅಘೋಷಿತ ವಕ್ತಾರೆಯಾದಳು. ಬ್ಯಾಂಡೇಜು ಕಟ್ಟಿಕೊಂಡ ಯಾವುದೋ ಅಜ್ಜಿಯ ಪಕ್ಕ ಮಗ ನಿಂತ ಫೋಟೋವನ್ನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತಿದ್ದಳು. ಆಕೆಗೆ ಮಾತ್ರ ಅದು ಮಸಕಾಗಿ ಕಾಣುತ್ತಿತ್ತು.

ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಲ್ಯಾಣದ ಡಾಕ್ಟರಲ್ಲಿಗೆ ಕರೆದೊಯ್ದೆ. ಎಡಗಣ್ಣಿನ ಒತ್ತಡ ಏರುತ್ತಿದೆ, ತಡ ಮಾಡಿದರೆ ನರ ಸಾಯುತ್ತದೆ, ಆಮೇಲೆ ಆಪರೇಶನ್ನಿನಿಂದಲೂ ದೃಷ್ಟಿ ಬರುವುದಿಲ್ಲ ಎಂದು ಅವರು ಮರಾಠಿಯಲ್ಲಿ ಬಿಡಿಸಿ ಹೇಳಿದರು.

ರಿಕ್ಷಾ ಹತ್ತಿದ್ದೇ ಅಕ್ಕ ಶುರು ಮಾಡಿದಳು.

"ಮನೆಯಲ್ಲೇ ಡಾಕ್ಟರು ಉಂಟು. ಹೊರಗಿನವರ ಕೈಗೆ ಕಣ್ಣು ಕೊಡ್ಲಿಕ್ಕೆ ನಂಗೆಂತ ಮರ್ಲಾ?"

"ಅವ ಸಮುದ್ರದಲ್ಲಿದ್ದಾನೆ, ಅಕ್ಕ."

"ಬರ್ತಾನೆ. ನಿನ್ನ ಭಾವ ಬೇರೆಯವರ ಹೋಟೆಲಲ್ಲಿ ಒಂದು ಚಾ ಕುಡಿದದ್ದು ಉಂಟಾ?"

ಇರಲಿಲ್ಲ. ಸ್ಟೇಷನ್ ಹೊರಗೆ ಹೋಟೆಲು ನಡೆಸುತ್ತಿದ್ದ ಭಾವ ಹಸಿದು ಕೂತರೂ ಇನ್ನೊಬ್ಬರ ಇಡ್ಲಿ ಮುಟ್ಟಿದವರಲ್ಲ. ಅದು ತನ್ನ ಅಡುಗೆಮನೆಗೆ ಅವಮಾನವೆಂದು ಬಗೆದಿದ್ದರು. ಆ ಹೋಟೆಲುಧರ್ಮವನ್ನು ಅಕ್ಕ ಈಗ ನೇತ್ರಚಿಕಿತ್ಸೆಗೂ ವಿಸ್ತರಿಸಿದ್ದಳು.

ನಾನು ಹಡಗಿನಲ್ಲಿದ್ದ ಸೋದರಳಿಯನಿಗೆ ಸುದ್ದಿ ಮುಟ್ಟಿಸಿದೆ. ಕೂಡಲೇ ಫೋನು ಬಂತು. "ಅಮ್ಮಾ, ಪ್ಲೀಸ್, ಮೇರಾ ವೇಟ್ ಮತ್ ಕರೋ. ನಂಗೆ ಕಾಯ್ಬೇಡ, ನಾಳೆಯೇ ಮಾಡಿಸ್ಕೋ."

"ಆಯ್ತು ಮಗ," ಎಂದ ಅಕ್ಕ ಫೋನಿಟ್ಟು ಕುಕ್ಕರು ಇಟ್ಟಳು. ಮರುದಿನ ನಾನು ಹೋದರೆ ಹಣೆಗೆ ಬಾಮು ಹಚ್ಚಿಕೊಂಡು ಮಲಗಿದ್ದಳು. "ತಲೆನೋವು ಮಾರಾಯ, ನಾಳೆ ನೋಡುವ." ಆ ನಾಳೆಯ ಹಿಂದೆ ಇನ್ನೂ ಅನೇಕ ನಾಳೆಗಳು ಬಂದವು.

ಅಷ್ಟರಲ್ಲಿ ಪಕ್ಕದ ದ್ವೀಪದವರೂ ಹಡಗನ್ನು ಕರೆದರಂತೆ. ಸ್ನೇಹದಲ್ಲಿ ತಾರತಮ್ಯ ಸಲ್ಲದು. ಹಡಗು ಅತ್ತ ತಿರುಗಿತು.

ಕೊನೆಗೂ ಮನೆಗೆ ಬಂದ ಅಳಿಯ ಶೂ ಕೂಡ ಬಿಚ್ಚದೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿಗೆ ಟಾರ್ಚು ಹಿಡಿದ.

"ಹಚ್ಚು ಮಗ, ಎಂತ ಕಾಯ್ತಿದ್ದಿ?" ಎಂದಳು ಅಕ್ಕ.

ಟಾರ್ಚು ಹೊತ್ತಿಯೇ ಇತ್ತು.

ಬಲಗಣ್ಣಿನ ಆಪರೇಶನ್ ಕಲ್ಯಾಣದಲ್ಲೇ ಆಯಿತು, ಹೊರಗಿನವರ ಕೈಯಿಂದಲೇ. ಅಕ್ಕ ತಕರಾರು ಎತ್ತಲಿಲ್ಲ. ಅಳಿಯ ಒಳಗೆ ಹೋಗಲು ಒಪ್ಪಲಿಲ್ಲ. ಬಾಗಿಲಾಚೆಯ ಬೆಂಚಿನಲ್ಲಿ, ನನ್ನ ಪಕ್ಕ, ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದ.